ದಿಢೀರ್ ಹಿಂಸೆ ನಡೆದ ಮನೆ, ಊರು: ಪ್ರಾರ್ಥನೆ ಮತ್ತು ಚರ್ಚಿನ ನೆರವಿನ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ತೀರ್ಥಹಳ್ಳಿ ಕಡೆಯ ನಮ್ಮ ಧರ್ಮಕೇಂದ್ರದಲ್ಲಿ, ಅಂದರೆ ಒಂದು ಚರ್ಚಿಗೆ ಸೇರಿದ ಕುಟುಂಬಗಳ ನಡುವೆ, ಮನೆ ಭೇಟಿಗೆ ಹೋಗುವ ಏಳೆಂಟು ಜನರ ಗುಂಪೊಂದಿದೆ. ನಾನೂ ಅದರಲ್ಲಿ ಒಬ್ಬಳು. ಸಾವಿನ ಮನೆ, ಕಾಯಿಲೆಯ ಮನೆ ನಮಗೆ ಹೊಸದಲ್ಲ. ಆದರೆ ಕೊಲೆ, ಹೊಡೆದಾಟ, ಗಲಭೆ ನಡೆದ ಮನೆಗೆ ಹೋಗಬೇಕಾದಾಗ ಹಳಬರಿಗೂ ಕಾಲು ಹಿಂದೆ ಬೀಳುತ್ತದೆ. ಹೊರಡುವ ಮುಂಚೆ ಎಲ್ಲರೂ ಕೇಳುವುದು ಹೆಚ್ಚುಕಡಿಮೆ ಇವೇ ಪ್ರಶ್ನೆಗಳು. ಉತ್ತರಗಳು ಹೋಗಿ ಬಂದವರ ಅನುಭವದಿಂದ ಬಂದವು. ದೇವಶಾಸ್ತ್ರ ಬೇಕಾದರೆ ನಿಮ್ಮ ಗುರುಗಳನ್ನೋ ಸಭಾಪಾಲಕರನ್ನೋ ಕೇಳಿ.

ಸುದ್ದಿ ಗೊತ್ತಾದ ತಕ್ಷಣ ಏನು ಮಾಡಬೇಕು?

ಇನ್ನೂ ನಡೆಯುತ್ತಿದ್ದರೆ 112ಕ್ಕೆ ಫೋನ್ ಮಾಡಿ. ಗಾಯಾಳುಗಳಿದ್ದರೆ 108. ಪ್ರಾರ್ಥನೆ ಆಮೇಲೆ. ಫೋನ್ ಹಿಡಿದುಕೊಂಡೇ ಮನಸ್ಸಿನಲ್ಲಿ ಪ್ರಾರ್ಥನೆ ಮಾಡಲು ಯಾರ ಅಡ್ಡಿಯೂ ಇಲ್ಲ.

ಆಮೇಲೆ ನಿಮ್ಮ ಚರ್ಚ್ ವಾರ್ಡಿನ ಮುಖಂಡರಾದ ಗುರಿಕಾರರಿಗೆ, ಫಾದರ್‌ಗೆ ಅಥವಾ ಅಯ್ಯನವರಿಗೆ (ಸಭಾಪಾಲಕರಿಗೆ) ತಿಳಿಸಿ. ಎಲ್ಲರೂ ಒಟ್ಟಿಗೆ ಓಡಬೇಡಿ. ಮೊದಲು ಇಬ್ಬರು ಸಾಕು, ಅದರಲ್ಲಿ ಒಬ್ಬರು ಹೆಂಗಸು ಇರಲಿ. ಮೊದಲ ಗಂಟೆಯಲ್ಲೇ ಅಂಗಳದಲ್ಲಿ ಇಪ್ಪತ್ತು ಬೈಕ್ ನಿಂತರೆ ಪೊಲೀಸರಿಗೂ ಕಷ್ಟ, ಮನೆಯವರಿಗೂ ಇನ್ನಷ್ಟು ಗಾಬರಿ.

ನಿಷೇಧಾಜ್ಞೆ ಇದ್ದರೆ ಚರ್ಚ್ ತೆರೆಯಬಹುದಾ?

ಶಿವಮೊಗ್ಗದವರಿಗೆ ಇದು ಊಹೆಯ ಪ್ರಶ್ನೆ ಅಲ್ಲ. 2022ರ ಫೆಬ್ರವರಿ, ಅದೇ ವರ್ಷದ ಆಗಸ್ಟ್, ಆಮೇಲೆ 2023ರ ಅಕ್ಟೋಬರ್‌ನಲ್ಲಿ ರಾಗಿಗುಡ್ಡ ಬಡಾವಣೆ: ಮೂರು ಸಲವೂ ಗಲಾಟೆ, ನಿಷೇಧಾಜ್ಞೆ. ಅಂಗಡಿ ಬಾಗಿಲು ಎಳೆಯುವ ಸದ್ದು ಕೇಳಿದರೆ ಸಾಕು, ಮಕ್ಕಳನ್ನು ಸ್ಕೂಲಿನಿಂದ ಕರೆತರಲು ಓಡುವುದು ಅಲ್ಲಿನ ತಾಯಂದಿರಿಗೆ ರೂಢಿಯಾಗಿದೆ.

ನಾವೆಲ್ಲ ‘144 ಹಾಕಿದ್ದಾರೆ’ ಅನ್ನುತ್ತೇವೆ. 2024ರ ಜುಲೈ 1ರಿಂದ ಹೊಸ ಕಾನೂನು ಬಂದಿದೆ. ಈಗ ಅದು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 163ನೇ ಕಲಂ. ಬಾಯಲ್ಲಿ ಮಾತ್ರ ಇನ್ನೂ 144 ಉಳಿದಿದೆ. ಏನು ಮಾಡಬಹುದು, ಏನು ಮಾಡಬಾರದು ಅನ್ನುವುದು ಆದೇಶದಿಂದ ಆದೇಶಕ್ಕೆ ಬೇರೆ. ಹಾಗಾಗಿ ಆದೇಶದ ಪ್ರತಿ ಓದಿ, ಠಾಣೆಯಲ್ಲಿ ಕೇಳಿ. ಮೇಣದಬತ್ತಿ ಹಿಡಿದು ಮೌನ ಮೆರವಣಿಗೆ ಹೊರಡುವುದನ್ನಂತೂ ಅನುಮತಿ ಇಲ್ಲದೆ ಮಾಡಬೇಡಿ. ನಮಗೆ ಅದು ಪ್ರಾರ್ಥನೆ, ಪೊಲೀಸರ ಲೆಕ್ಕದಲ್ಲಿ ಗುಂಪು.

ಬಾಗಿಲು ಮುಚ್ಚಿದರೆ ನಂಬಿಕೆ ಕಡಿಮೆಯಾಯಿತು ಅಂತೇನೂ ಅಲ್ಲ. 2019ರ ಏಪ್ರಿಲ್ 21ರಂದು, ಈಸ್ಟರ್ ಭಾನುವಾರ, ಶ್ರೀಲಂಕಾದ ಚರ್ಚುಗಳಲ್ಲಿ ಬಾಂಬ್ ಸಿಡಿಯಿತು. ಮುಂದಿನ ಭಾನುವಾರ ಕೊಲಂಬೊದಲ್ಲಿ ಬಹಿರಂಗ ಪೂಜೆ ನಿಲ್ಲಿಸಿದರು. ಕಾರ್ಡಿನಲ್ ಮಾಲ್ಕಂ ರಂಜಿತ್ ಅರ್ಪಿಸಿದ ಪೂಜೆಯನ್ನು ಜನ ಟಿವಿಯಲ್ಲಿ ನೋಡಿದರು. ನಾವೂ ಒಮ್ಮೆ ಸಂಜೆಯ ಜಪಸರವನ್ನು ಕಾನ್ಫರೆನ್ಸ್ ಕಾಲ್‌ನಲ್ಲಿ ಮಾಡಿದ್ದೇವೆ. ನೆಟ್‌ವರ್ಕ್ ಹೋಗಿ ಬಂದು, ಒಬ್ಬರು ಜಪಸರದ ಮೂರನೇ ರಹಸ್ಯದಲ್ಲಿ (ಮೂರನೇ ಸುತ್ತಿನಲ್ಲಿ) ಇದ್ದರೆ ಇನ್ನೊಬ್ಬರು ಎರಡರಲ್ಲೇ ಇದ್ದರು. ಪರವಾಗಿಲ್ಲ.

ಮನೆಗೆ ಹೋದಾಗ ಏನು ಹೇಳಬೇಕು?

ಏನೂ ಹೇಳಬೇಡಿ. ಹೋಗಿ, ಕೂತುಕೊಳ್ಳಿ.

ಬೈಬಲಿನಲ್ಲಿ ಮಕ್ಕಳನ್ನೂ ಆಸ್ತಿಯನ್ನೂ ಕಳೆದುಕೊಂಡ ಯೋಬನ ಮೂವರು ಗೆಳೆಯರು ಏಳು ಹಗಲು ಏಳು ರಾತ್ರಿ ಅವನ ಪಕ್ಕ ನೆಲದ ಮೇಲೆ ಸುಮ್ನೆ ಕೂತಿದ್ದರು. ಅಲ್ಲಿಯವರೆಗೆ ಅವರು ಒಳ್ಳೆಯ ಗೆಳೆಯರೇ. ಬಾಯಿ ಬಿಟ್ಟು ಕಾರಣ ವಿವರಿಸಲು ಹೊರಟ ಮೇಲೆ ಕೆಟ್ಟರು.

ನಮ್ಮಲ್ಲಿ ಕೆಲವು ಮಾತು ತುದಿನಾಲಿಗೆಯಲ್ಲೇ ಇರುತ್ತವೆ. ‘ದೇವರ ಚಿತ್ತ.’ ‘ಒಳ್ಳೆಯವರನ್ನ ದೇವರು ಬೇಗ ಕರೆದುಕೊಳ್ತಾನೆ.’ ತೊಂಬತ್ತು ದಾಟಿದ ಅಜ್ಜಿ ಮಂಚದ ಮೇಲೆ ಪ್ರಾಣ ಬಿಟ್ಟಾಗ ಆ ಮಾತು ನಡೆಯುತ್ತದೆ. ಮಚ್ಚಿನ ಏಟಿಗೆ ಬಿದ್ದ ಹುಡುಗನ ತಾಯಿಗೆ ಅದನ್ನೇ ಹೇಳಿದರೆ, ಮಚ್ಚು ಹಿಡಿದವನ ಜೊತೆ ದೇವರನ್ನೂ ನಿಲ್ಲಿಸಿದ ಹಾಗಾಗುತ್ತದೆ. ಹೊಸದಾಗಿ ಸೇರಿದಾಗ ನಾನೂ ಹೇಳಿದ್ದೆ. ಆ ತಾಯಿ ನನ್ನ ಮುಖ ನೋಡಿ, ‘ನಿಮ್ಮ ಮಗನನ್ನ ಯಾಕೆ ಕರೆಯಲಿಲ್ಲ ಅಕ್ಕಾ?’ ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಈಗಲೂ ಇಲ್ಲ.

‘ಏನೋ ಪಾಪ ಮಾಡಿರಬೇಕು’ ಅಂತ ಪಿಸುಗುಡುವವರಿಗೆ ಲೂಕನ 13ನೇ ಅಧ್ಯಾಯ ತೋರಿಸಿ. ರೋಮನ್ ಅಧಿಪತಿ ಪಿಲಾತ ಕೊಲ್ಲಿಸಿದ ಗಲಿಲಾಯದವರ ಸುದ್ದಿಯನ್ನು ಜನ ಯೇಸುವಿನ ಹತ್ತಿರ ತಂದರು. ಅವರು ಉಳಿದವರಿಗಿಂತ ಹೆಚ್ಚಿನ ಪಾಪಿಗಳಾ? ಅಲ್ಲ ಅಂದ ಯೇಸು. ಸಿಲೋವದ ಗೋಪುರ ಬಿದ್ದು ಸತ್ತ ಹದಿನೆಂಟು ಜನರ ಬಗ್ಗೆಯೂ ಅದೇ ಮಾತು.

ಹಾಗಾದರೆ ಯಾವ ಪ್ರಾರ್ಥನೆ ಮಾಡಬೇಕು?

ಚಿಕ್ಕದು. ಮನೆಯವರು ಸರಿ ಅಂದ ಮೇಲೆ. ಅವರ ಭಾಷೆಯಲ್ಲಿ.

ಮೂರನೆಯದನ್ನು ನಮ್ಮ ಕಡೆ ಮರೆಯುವುದು ಜಾಸ್ತಿ. ಮಲೆನಾಡಿನ ಚರ್ಚ್ ಅಂದರೆ ಒಂದೇ ಮಾತಿನ ಜನ ಅಲ್ಲ. ಮಂಗಳೂರು ಕಡೆಯಿಂದ ಘಟ್ಟ ಹತ್ತಿ ಬಂದ ಕೊಂಕಣಿಯವರಿದ್ದಾರೆ. ಎಸ್ಟೇಟ್ ಕೆಲಸಕ್ಕೆ, ಭದ್ರಾವತಿಯ ಕಾರ್ಖಾನೆಗಳಿಗೆ ಬಂದ ತಮಿಳರಿದ್ದಾರೆ. ಕೇರಳದಿಂದ ಬಂದು ತೋಟ ಮಾಡಿದವರಿದ್ದಾರೆ. 1988ರಲ್ಲಿ ಶಿವಮೊಗ್ಗ ಧರ್ಮಕ್ಷೇತ್ರ (ಬಿಷಪರ ಆಡಳಿತದ ಪ್ರದೇಶ) ಆಯಿತು, 2007ರಲ್ಲಿ ಕೇರಳ ಮೂಲದ ಕಥೋಲಿಕರಾದ ಸಿರೋ ಮಲಬಾರ್‌ನವರದ್ದೇ ಭದ್ರಾವತಿ ಧರ್ಮಕ್ಷೇತ್ರ ಆಯಿತು. ಸಿಎಸ್‌ಐ (ದಕ್ಷಿಣ ಭಾರತ ಸಭೆ) ಅವರು, ಬೇರೆ ಸಭೆಯವರು ಪಕ್ಕದಲ್ಲೇ ಇದ್ದಾರೆ. ಚರ್ಚಿನಲ್ಲಿ ಎಲ್ಲರೂ ಕನ್ನಡದಲ್ಲಿ ಹಾಡುತ್ತಾರೆ. ಅಳು ಬಂದಾಗ ಮನೆಮಾತೇ ಬರುತ್ತದೆ. ಕೊಂಕಣಿ ಮನೆಗೆ ಹೋಗುವಾಗ ಕೊಂಕಣಿ ಬಲ್ಲ ಒಬ್ಬರನ್ನಾದರೂ ಕರೆದುಕೊಂಡು ಹೋಗಿ.

ಬೇರೆ ಬೇರೆ ಸಭೆಯವರು ಸೇರಿದಾಗ, ಯೇಸು ಕಲಿಸಿದ ಪ್ರಾರ್ಥನೆಯನ್ನು ನಾವು ‘ಸ್ವರ್ಗದಲ್ಲಿರುವ’ ಅಂತ ಶುರುಮಾಡುತ್ತೇವೆ, ಅವರು ‘ಪರಲೋಕದಲ್ಲಿರುವ’ ಅನ್ನುತ್ತಾರೆ. ಎರಡೂ ಒಟ್ಟಿಗೆ ನಡೆಯಲಿ. ಅವತ್ತು ಅದನ್ನು ಸರಿಮಾಡಲು ಹೋಗಬೇಡಿ.

ಬೈಬಲಿನ ಕೀರ್ತನೆಗಳಲ್ಲಿ 23ನೆಯದು ಎಲ್ಲರಿಗೂ ಬಾಯಿಪಾಠ. 13 ಮತ್ತು 130 ಕೂಡ ಚಿಕ್ಕವು, ಇಂಥ ಹೊತ್ತಿಗೆ ಹೊಂದುತ್ತವೆ. ಕೈಯಲ್ಲಿ ಪುಸ್ತಕ ಇಲ್ಲದಿದ್ದರೆ ನಾನು ಸಾಮಾನ್ಯವಾಗಿ ಹೇಳುವುದು ಇಷ್ಟೇ:

‘ಸ್ವಾಮಿ, ನಮಗೆ ಮಾತು ಬರುತ್ತಿಲ್ಲ. ಇಲ್ಲಿ ನಡೆದದ್ದನ್ನು ನೀನು ನೋಡಿದ್ದೀಯ. ಈ ತಾಯಿಗೆ ಇವತ್ತು ರಾತ್ರಿ ಸ್ವಲ್ಪ ನಿದ್ದೆ ಕೊಡು. ಮಕ್ಕಳ ಹೆದರಿಕೆ ಕಡಿಮೆ ಮಾಡು. ನಾವು ಇಲ್ಲೇ ಇರುತ್ತೇವೆ, ನೀನೂ ಇರು. ಆಮೆನ್.’

ಕೊನೆಯ ಸಾಲು ಹೇಳುವ ಮುಂಚೆ ಯೋಚನೆ ಮಾಡಿ. ಹೇಳಿದರೆ ಇರಬೇಕಾಗುತ್ತದೆ.

ದೇವರ ಮೇಲೇ ಸಿಟ್ಟು ಬಂದಿದೆ. ಇದು ಪಾಪವಾ?

ಅಲ್ಲ. 150 ಕೀರ್ತನೆಗಳಲ್ಲಿ ಸುಮಾರು ಮೂರನೇ ಒಂದು ಪಾಲು ದೂರು, ಗೋಳು. ‘ಎಲ್ಲಿದ್ದೀಯ, ಯಾಕೆ ಮುಖ ಮುಚ್ಚಿಕೊಂಡಿದ್ದೀಯ’ ಅಂತ ದೇವರನ್ನೇ ಜಗ್ಗಿ ಕೇಳುವಂಥವು. 88ನೇ ಕೀರ್ತನೆ ಕತ್ತಲಲ್ಲೇ ಮುಗಿಯುತ್ತದೆ, ಕೊನೆಗೊಂದು ಸಮಾಧಾನದ ಸಾಲೂ ಇಲ್ಲ. ಶಿಲುಬೆಯ ಮೇಲೆ ಯೇಸು ಕೂಗಿದ್ದು 22ನೇ ಕೀರ್ತನೆಯ ಮೊದಲ ಮಾತು: ನನ್ನ ದೇವರೇ, ಯಾಕೆ ಕೈಬಿಟ್ಟೆ? ದೇವರ ಮಗನೇ ಹಾಗೆ ಕೇಳಿದ ಮೇಲೆ ನಾವು ಕೇಳಬಾರದಾ?

ಆ ಮನೆಯವರು ಒಂದಷ್ಟು ದಿನ ಚರ್ಚಿಗೆ ಬರದಿದ್ದರೂ ಯಾಕೆ ಅಂತ ಕೇಳಬೇಡಿ.

ಪೋಸ್ಟ್‌ಮಾರ್ಟಂ, ಅಂತ್ಯಕ್ರಿಯೆಯ ವಿಷಯದಲ್ಲಿ ಚರ್ಚ್ ಏನು ಮಾಡಬಹುದು?

ಅಸಹಜ ಸಾವಾದರೆ ಪೊಲೀಸರ ಪಂಚನಾಮೆ, ಪೋಸ್ಟ್‌ಮಾರ್ಟಂ ಆಗದೆ ದೇಹ ಕೈಗೆ ಸಿಗುವುದಿಲ್ಲ. ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೆ ತಂದರೆ ಶವಾಗಾರದ ಹೊರಗೆ ಗಂಟೆಗಟ್ಟಲೆ ಕಾಯುವುದಿರುತ್ತದೆ. ಆ ಹೊತ್ತಿಗೆ ಬೇಕಾಗುವುದು ನೀರಿನ ಬಾಟಲಿ, ಬಿಸ್ಕೆಟ್, ಫೋನ್ ಚಾರ್ಜರ್, ಆಧಾರ್ ಕಾರ್ಡಿನ ಜೆರಾಕ್ಸ್. ಮತ್ತೆ ‘ಸಹಿ ಎಲ್ಲಿ ಮಾಡಬೇಕು’ ಅಂತ ನೋಡಿ ಹೇಳುವ ತಣ್ಣಗಿನ ತಲೆಯ ಒಬ್ಬ ಮನುಷ್ಯ. ನಮ್ಮ ಗುಂಪಿನಲ್ಲಿ ಒಬ್ಬ ನಿವೃತ್ತ ಮೇಷ್ಟ್ರಿದ್ದಾರೆ. ಅವರಿಗೆ ಪ್ರಾರ್ಥನೆ ಹೇಳಲು ಸಂಕೋಚ. ಆದರೆ ಶವಾಗಾರದ ಬೆಂಚಿನ ಮೇಲೆ ರಾತ್ರಿಯಿಡೀ ಕೂರುತ್ತಾರೆ.

ದೂರು ಕೊಟ್ಟವರಿಗೆ ಎಫ್‌ಐಆರ್ ಪ್ರತಿ ಪುಕ್ಕಟೆ ಸಿಗಬೇಕು. ಕೇಳಿ ಪಡೆದು ಜೋಪಾನ ಮಾಡಿ.

ಪೆಟ್ಟಿಗೆ ತೆರೆದಿಡಬೇಕಾ, ಮುಚ್ಚಿಡಬೇಕಾ ಅನ್ನುವುದು ಮನೆಯವರ ತೀರ್ಮಾನ. ಒಬ್ಬರು ಮೊದಲೇ ನೋಡಿ, ಹೇಗಿದೆ ಅಂತ ಮೆತ್ತಗೆ ಹೇಳಲಿ. ಫೋಟೋ, ವಿಡಿಯೋ ಬೇಡ ಅಂತ ಬಾಗಿಲಲ್ಲೇ ಹೇಳುವುದಕ್ಕೆ ಇಬ್ಬರು ಹುಡುಗರನ್ನು ನಿಲ್ಲಿಸಿ.

ಮಹಜರು ಮುಗಿದ ಮೇಲೆ ಆ ಜಾಗ ತೊಳೆಯುವುದು ಯಾರು?

ಈ ಪ್ರಶ್ನೆಯನ್ನು ಜನ ಕಿವಿಯಲ್ಲಿ ಕೇಳುತ್ತಾರೆ. ನಾನು ಇಲ್ಲಿ ಜೋರಾಗಿಯೇ ಬರೆಯುತ್ತೇನೆ.

ಪೊಲೀಸರು ಬರುತ್ತಾರೆ, ಗುರುತು ಹಾಕುತ್ತಾರೆ, ಫೋಟೋ ತೆಗೆಯುತ್ತಾರೆ, ಹೋಗುತ್ತಾರೆ. ರಕ್ತ ಅಲ್ಲೇ ಇರುತ್ತದೆ. ಬಹಳ ಸಲ ಅದನ್ನು ತೊಳೆಯುವುದು ಸತ್ತವನ ಹೆಂಡತಿ ಅಥವಾ ತಾಯಿ. ಹಾಗೆ ಆಗಲು ಬಿಡಬೇಡಿ. ತೊಳೆಯಬಹುದಾ ಅಂತ ಮೊದಲು ಠಾಣೆಯವರನ್ನು ಕೇಳಿ, ಅವರು ಒಪ್ಪಿದ ಮೇಲೆಯೇ ಕೈ ಹಾಕಿ. ರಬ್ಬರ್ ಗ್ಲೌಸ್ ಹಾಕಿಕೊಳ್ಳಿ. ಮೊದಲು ತಣ್ಣೀರು. ಬಿಸಿನೀರು ಹಾಕಿದರೆ ಕಲೆ ಕಚ್ಚಿಕೊಳ್ಳುತ್ತದೆ. ಆಮೇಲೆ ಬ್ಲೀಚಿಂಗ್ ಪೌಡರ್. ಮಣ್ಣಿನ ಅಂಗಳವಾದರೆ ಮೇಲಿನ ಮಣ್ಣು ಕೆತ್ತಿ ತೆಗೆದು, ಹೊಸ ಮಣ್ಣು ಹಾಕಿ, ಸಗಣಿ ಸಾರಿಸಿ. ಮನೆಯವರು ಆ ಹೊತ್ತು ಬೇರೆಲ್ಲಾದರೂ ಇರಲಿ.

ನಾವು ಒಂದು ಮನೆಯಲ್ಲಿ ಹೀಗೆ ಮಾಡಿದ ಮೇಲೆ ಫಾದರ್ ಬಂದು ಆ ಜಾಗಕ್ಕೆ ತೀರ್ಥ ಚಿಮುಕಿಸಿದರು. ಅಂಗಳ ಅವರಿಗೆ ವಾಪಸ್ ಸಿಕ್ಕಿದ್ದು ಅವತ್ತು. ಅಲ್ಲಿಯವರೆಗೆ ಮಕ್ಕಳು ಹಿತ್ತಲ ಬಾಗಿಲಿನಿಂದ ಓಡಾಡುತ್ತಿದ್ದರು.

ಊಟ ತೆಗೆದುಕೊಂಡು ಹೋದರೆ ಸಾಕಾ?

ಮೂರು ದಿನ ಊಟಕ್ಕೆ ಕೊರತೆ ಇರುವುದಿಲ್ಲ. ಐದು ಮನೆಯಿಂದ ಐದು ಪಾತ್ರೆ ಸಾಂಬಾರ್ ಬಂದು ಹುಳಿಯಾಗುತ್ತದೆ. ಪಾಳಿ ಹಾಕಿಕೊಳ್ಳಿ. ಮೊದಲ ದಿನ ಗಂಜಿ, ಉಪ್ಪಿನಕಾಯಿಗಿಂತ ಜಾಸ್ತಿ ಯಾರ ಗಂಟಲಲ್ಲೂ ಇಳಿಯುವುದಿಲ್ಲ.

ಊಟಕ್ಕಿಂತ ಮುಖ್ಯ, ನಿಂತುಹೋದ ಕೆಲಸ ಯಾವುದು ಅಂತ ನೋಡುವುದು. ಒಂದು ಡಿಸೆಂಬರಿನಲ್ಲಿ ನಾವು ಹೋದ ಮನೆಯಲ್ಲಿ ಅಡಿಕೆ ಕೊನೆ (ಗೊನೆ) ಕೊಯ್ಲು ಆಗಿ ಎರಡು ದಿನವಾಗಿತ್ತು. ಹಸಿ ಅಡಿಕೆ ರಾಶಿ ಅಂಗಳದಲ್ಲಿ ಬಿದ್ದಿತ್ತು. ಅಡಿಕೆ ಯಾರ ದುಃಖಕ್ಕೂ ಕಾಯುವುದಿಲ್ಲ, ಬೇಗ ಸುಲಿದು ಬೇಯಿಸದಿದ್ದರೆ ವರ್ಷದ ದುಡಿಮೆ ಹಾಳು. ಯುವಜನ ಸಂಘದ ಹುಡುಗರು ಬಂದರು. ಮೆಟ್ಟುಗತ್ತಿ ಸಾಲಾಗಿ ಇಟ್ಟು ಸುಲಿಯಲು ಕೂತರು. ಆ ಮನೆಯ ಹೆಂಗಸು ಹೊರಗೆ ಬಂದವರು ಕತ್ತಿಗಳನ್ನು ನೋಡಿ ಗೋಡೆ ಹಿಡಿದು ಕುಸಿದರು. ನಮಗ್ಯಾರಿಗೂ ಅದು ಹೊಳೆದಿರಲಿಲ್ಲ. ರಾಶಿಯನ್ನೆಲ್ಲ ಚೀಲಕ್ಕೆ ತುಂಬಿ ಪಕ್ಕದ ಮನೆಯ ಅಂಗಳಕ್ಕೆ ಸಾಗಿಸಿದೆವು. ಪಕ್ಕದವರು ಹವ್ಯಕರು. ಅವರೇ ಹಂಡೆ ಕೊಟ್ಟರು, ಬಣ್ಣಕ್ಕೆ ಹಾಕುವ ಚೊಗರು ಕೊಟ್ಟರು, ಬೇಯಿಸಿ ಒಣಗಿಸಿಯೂ ಕೊಟ್ಟರು. ಮೂರು ರಾತ್ರಿ ಸುಲಿದೆವು. ಅಲ್ಲಿ ಯಾರೂ ಜಪ ಹೇಳಲಿಲ್ಲ. ಒಬ್ಬ ಹುಡುಗ ಮಾತ್ರ ಮೆಲ್ಲಗೆ ಯಾವುದೋ ಕೀರ್ತನೆ ಗುನುಗುತ್ತಿದ್ದ.

ವಾಟ್ಸಾಪ್‌ನಲ್ಲಿ ಪ್ರಾರ್ಥನೆ ಕೋರಿಕೆ ಹಾಕಬಹುದಾ?

ಹಾಕಿ. ಹೆಸರು, ಮನೆ, ಫೋಟೋ, ಫೋನ್ ನಂಬರ್ ಬೇಡ. ‘ನಮ್ಮ ಧರ್ಮಕೇಂದ್ರದ ಒಂದು ಕುಟುಂಬಕ್ಕಾಗಿ ಪ್ರಾರ್ಥಿಸಿ’ ಅಂದರೆ ದೇವರಿಗೆ ಅರ್ಥವಾಗುತ್ತದೆ.

ಲೈಂಗಿಕ ದೌರ್ಜನ್ಯವಾಗಿದ್ದರೆ ಆ ಹೆಣ್ಣುಮಗಳ ಗುರುತು ಬಯಲು ಮಾಡುವುದು ಭಾರತೀಯ ನ್ಯಾಯ ಸಂಹಿತೆಯ 72ನೇ ಕಲಂ ಪ್ರಕಾರ ಅಪರಾಧ. ಮಕ್ಕಳ ವಿಷಯದಲ್ಲಿ ಪೋಕ್ಸೊ ಕಾಯ್ದೆಯೂ ಇದೆ. ‘ಪ್ರಾರ್ಥನೆಗೆ ಹಾಕಿದ್ದು’ ಅನ್ನುವುದು ಸಮರ್ಥನೆ ಆಗುವುದಿಲ್ಲ. ಇನ್ನು ಮಾಡಿದವರು ಯಾರು, ಯಾವ ಜಾತಿ, ಯಾವ ಧರ್ಮ ಅನ್ನುವ ಫಾರ್ವರ್ಡ್‌ಗಳು. ಅವು ಒಂದು ಗಲಭೆಯಿಂದ ಇನ್ನೊಂದಕ್ಕೆ ದಾರಿ ಮಾಡುತ್ತವೆ. ಕೊನೆಯಲ್ಲಿ ‘ಆಮೆನ್’ ಸೇರಿಸಿದ್ದರೂ ಅಳಿಸಿಹಾಕಿ.

ಕ್ಷಮಿಸಲೇಬೇಕಾ? ಕ್ಷಮಿಸಿದರೆ ಕೇಸ್ ಬಿಡಬೇಕಾ?

ಎರಡು ಪ್ರಶ್ನೆ, ಎರಡು ಉತ್ತರ.

ಕ್ಷಮೆಯ ಮಾತನ್ನು ಹೊರಗಿನವರು ಎತ್ತಬಾರದು. ಹೆಣ ಮಣ್ಣಾಗುವ ಮುಂಚೆ ‘ಶತ್ರುಗಳನ್ನು ಪ್ರೀತಿಸಿರಿ’ ಅಂತ ಓದುವುದು ನನಗೆ ಕ್ರೂರ ಅನ್ನಿಸುತ್ತದೆ. ವಾಕ್ಯ ತಪ್ಪಲ್ಲ, ಹೊತ್ತು ತಪ್ಪು. ಮನೆಯವರೇ ಆ ಮಾತು ತೆಗೆದರೆ ಕೇಳಿಸಿಕೊಳ್ಳಿ. ವರ್ಷಗಟ್ಟಲೆ ತೆಗೆಯದಿದ್ದರೂ ಕಾಯಿರಿ.

ಎರಡನೆಯದು. ಕ್ಷಮೆ ಬೇರೆ, ಕೇಸ್ ಬೇರೆ. 1999ರ ಜನವರಿಯಲ್ಲಿ ಒಡಿಶಾದ ಮನೋಹರಪುರದಲ್ಲಿ ಆಸ್ಟ್ರೇಲಿಯಾದ ಮಿಷನರಿ ಗ್ರಹಾಂ ಸ್ಟೇನ್ಸ್ ಮತ್ತು ಅವರ ಇಬ್ಬರು ಗಂಡುಮಕ್ಕಳನ್ನು ಜೀಪಿನಲ್ಲೇ ಸುಟ್ಟು ಕೊಂದರು. ಹೆಂಡತಿ ಗ್ಲಾಡಿಸ್, ಕ್ಷಮಿಸಿದ್ದೇನೆ ಅಂದರು. ಆಮೇಲೂ ಬಾರಿಪದದಲ್ಲಿ ಕುಷ್ಠರೋಗಿಗಳ ಸೇವೆ ಮುಂದುವರಿಸಿದರು. ಆದರೆ ಕೇಸ್ ನಡೆಯಿತು. 2011ರಲ್ಲಿ ಸುಪ್ರೀಂ ಕೋರ್ಟ್ ಮುಖ್ಯ ಅಪರಾಧಿಯ ಜೀವಾವಧಿ ಶಿಕ್ಷೆ ಎತ್ತಿಹಿಡಿಯಿತು. ಕೊಲೆ ಕೇಸು ರಾಜಿಯಲ್ಲಿ ಮುಗಿಯುವಂಥದ್ದೂ ಅಲ್ಲ, ಅದನ್ನು ನಡೆಸುವುದು ಸರ್ಕಾರ. ಹಾಗಾಗಿ ‘ನೀವು ಕ್ರೈಸ್ತರಲ್ವಾ, ಸಾಕ್ಷಿ ಹೇಳಬೇಡಿ’ ಅಂತ ಯಾರಾದರೂ ಬಂದರೆ, ಅದು ಬೈಬಲಿನ ಮಾತಲ್ಲ, ಎದುರು ಕಡೆಯವರ ಮಾತು.

ಮಾಡಿದವನು ನಮ್ಮ ಸಭೆಯವನೇ ಆಗಿದ್ದರೆ?

ಆಗುತ್ತದೆ. ಬೇಲಿ ಜಗಳ, ಕುಡಿತ, ಆಸ್ತಿ ಪಾಲು. ಕೊಂದವನೂ ಸತ್ತವನೂ ಒಂದೇ ದಿನ ಪರಮಪ್ರಸಾದ ತೆಗೆದುಕೊಂಡವರಾಗಿರಬಹುದು.

ಎರಡು ಮನೆಗೂ ಹೋಗಬೇಕು. ಆದರೆ ಅವೇ ಜನ ಎರಡೂ ಕಡೆ ಹೋಗಬೇಡಿ, ಗುಂಪು ಬೇರೆ ಮಾಡಿಕೊಳ್ಳಿ. ಆರೋಪಿಯ ತಾಯಿ ಏನೂ ಮಾಡಿದವಳಲ್ಲ. ಅವಳ ಮನೆಗೆ ಹಾಲು ಹಾಕುವವನೂ ಬರುವುದು ನಿಲ್ಲಿಸಿರುತ್ತಾನೆ. 2006ರ ಅಕ್ಟೋಬರ್‌ನಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾದ ನಿಕಲ್ ಮೈನ್ಸ್ ಅನ್ನುವಲ್ಲಿ ಒಬ್ಬ, ಸರಳ ಬದುಕಿನ ಕ್ರೈಸ್ತ ಪಂಗಡವಾದ ಆಮಿಷ್ ಜನರ ಶಾಲೆಗೆ ನುಗ್ಗಿ ಐವರು ಹುಡುಗಿಯರನ್ನು ಕೊಂದು ತಾನೂ ಸತ್ತ. ಆಮಿಷ್ ಜನ ಕೆಲವೇ ಗಂಟೆಗಳಲ್ಲಿ ಅವನ ಮನೆಯವರನ್ನು ಸಂತೈಸಲು ಹೋದರು. ಅವನ ಅಂತ್ಯಕ್ರಿಯೆಗೂ ಹೋದರು. ಅಷ್ಟು ದೊಡ್ಡ ಮನಸ್ಸು ನಮಗಿಲ್ಲದಿರಬಹುದು. ಅರ್ಧ ಲೀಟರ್ ಹಾಲು ಕೊಟ್ಟು ಬರಲು ಅಷ್ಟು ದೊಡ್ಡ ಮನಸ್ಸೇನೂ ಬೇಡ.

ಪ್ರಾರ್ಥನೆ ಇರುವಾಗ ಕೌನ್ಸೆಲಿಂಗ್ ಯಾಕೆ?

ಕಾಲು ಮುರಿದರೆ ಪ್ರಾರ್ಥನೆಯನ್ನೂ ಮಾಡುತ್ತೇವೆ, ಪ್ಲಾಸ್ಟರನ್ನೂ ಹಾಕಿಸುತ್ತೇವೆ ಅಲ್ವಾ? ಹಾಗೆಯೇ.

ಮೊದಲ ವಾರಗಳಲ್ಲಿ ನಿದ್ದೆ ಬರದಿರುವುದು, ಬಾಗಿಲು ಬಡಿದರೆ ಬೆಚ್ಚುವುದು, ಮಕ್ಕಳು ಹಾಸಿಗೆಯಲ್ಲಿ ಉಚ್ಚೆ ಹೊಯ್ಯುವುದು ಎಲ್ಲ ಸಾಮಾನ್ಯ. ಬಹಳ ಜನರಿಗೆ ತಾನಾಗಿ ಇಳಿಯುತ್ತದೆ. ತಿಂಗಳು ಕಳೆದರೂ ಇಳಿಯದಿದ್ದರೆ, ಅಥವಾ ಯಾವತ್ತೇ ಆಗಲಿ ‘ನಾನೂ ಹೋಗಿಬಿಡ್ತೀನಿ’ ಅನ್ನುವ ಮಾತು ಬಂದರೆ, ಡಾಕ್ಟರ್ ಬೇಕು. ಟೆಲಿ ಮಾನಸ್ ಸಹಾಯವಾಣಿ 14416, ಪುಕ್ಕಟೆ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡುತ್ತಾರೆ. ಮಕ್ಕಳಿಗೆ ತೊಂದರೆ ಇದ್ದರೆ 1098.

‘ಏನಾಯ್ತು, ಹೇಗಾಯ್ತು, ಪೂರ್ತಿ ಹೇಳಿ, ಹಗುರಾಗುತ್ತೆ’ ಅಂತ ಒತ್ತಾಯ ಮಾಡಬೇಡಿ. ಹಗುರಾಗುವುದಿಲ್ಲ, ಮತ್ತೆ ಅದೇ ಗಳಿಗೆಗೆ ಹೋಗಿ ಬೀಳುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆ 2011ರಲ್ಲಿ ಹೊರತಂದ ಮಾನಸಿಕ ಪ್ರಥಮ ಚಿಕಿತ್ಸೆಯ ಕೈಪಿಡಿ ಹೇಳುವುದು ಮೂರೇ ಮಾತು: ನೋಡಿ, ಕೇಳಿಸಿಕೊಳ್ಳಿ, ಬೇಕಾದ ಕಡೆಗೆ ಸೇರಿಸಿ. ದೆವ್ವ ಬಿಡಿಸುವ ಪ್ರಾರ್ಥನೆಗೆ ಕರೆದುಕೊಂಡು ಹೋಗುವವರನ್ನು ಮಾತ್ರ ದಯವಿಟ್ಟು ದೂರ ಇಡಿ. ಹೆದರಿದ ಮಗುವಿಗೆ ದೆವ್ವ ಹಿಡಿದಿರುವುದಿಲ್ಲ.

ಬೇರೆ ಧರ್ಮದವರ ಮನೆಗೆ ಹೋಗಬಹುದಾ?

ನೆರೆಯವರಾಗಿ ಹೋಗಿ. ಬೈಬಲ್ ಕೈಯಲ್ಲಿ ಹಿಡಿದು ಹೋಗಬೇಡಿ, ಕರಪತ್ರ ಬೇಡವೇ ಬೇಡ. ಅವರೇ ಪ್ರಾರ್ಥನೆ ಮಾಡಿ ಅಂದರೆ ಒಂದು ನಿಮಿಷ ಮಾಡಿ, ಇಲ್ಲದಿದ್ದರೆ ಮನೆಗೆ ಬಂದು ಮಾಡಿ. ನೋವಿನಲ್ಲಿರುವವರ ಹತ್ತಿರ ಮತದ ಮಾತಾಡುವುದು ತಪ್ಪು, ಅಷ್ಟೇ. 2008ರ ಸೆಪ್ಟೆಂಬರ್‌ನಲ್ಲಿ ಮಂಗಳೂರು, ಚಿಕ್ಕಮಗಳೂರು ಕಡೆ ನಮ್ಮ ಪ್ರಾರ್ಥನಾ ಮಂದಿರಗಳ ಮೇಲೆ ದಾಳಿಯಾದಾಗ ಹೆದರಿ ಕೂತವರು ನಾವು. ಆ ಹೆದರಿಕೆ ಹೇಗಿರುತ್ತದೆ ಅಂತ ಗೊತ್ತಿದ್ದವರಿಗೆ ಬೇರೆಯವರ ಬಾಗಿಲು ತಟ್ಟುವ ರೀತಿಯೂ ಗೊತ್ತಿರಬೇಕು.

ಹಣದ ನೆರವು?

ಸಂಗ್ರಹ ಮಾಡಿದರೆ ಇಬ್ಬರು ಸೇರಿ ಲೆಕ್ಕ ಇಡಿ, ಮನೆಯವರ ಖಾತೆಗೇ ಹಾಕಿ. ಅಪರಾಧದಿಂದ ನೊಂದವರಿಗೆ ಸರ್ಕಾರದ ಪರಿಹಾರ ಯೋಜನೆ ಇದೆ. ಅರ್ಜಿ ಕೊಡಬೇಕಾದದ್ದು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ. ಅದರ ಸಹಾಯವಾಣಿ 15100. ಆರೋಪಿ ಸಿಗದಿದ್ದರೂ ಅರ್ಜಿ ಹಾಕಬಹುದು. ಇದನ್ನು ಯಾರೂ ಮನೆಗೆ ಬಂದು ಹೇಳುವುದಿಲ್ಲ, ನೀವು ಹೇಳಿ.

ಎಷ್ಟು ದಿನ ಹೋಗುತ್ತಿರಬೇಕು?

ಏಳನೇ ದಿನದ ಪೂಜೆಗೆ ಚರ್ಚ್ ತುಂಬಿರುತ್ತದೆ. ತಿಂಗಳ ಪೂಜೆಗೆ ಅರ್ಧ. ಆಮೇಲೆ ನವೆಂಬರ್ 2ರಂದು, ಸಕಲ ಮೃತರ ದಿನ, ಸಮಾಧಿಗೆ ಹೂವಿಡಲು ಬಂದಾಗ ಕಣ್ಣಿಗೆ ಬೀಳುತ್ತಾರೆ. ನಡುವಿನ ದಿನಗಳೇ ಉದ್ದ.

ನಮ್ಮ ಗುಂಪಿನ ಒಂದು ನೋಟ್‌ಬುಕ್ಕಿನಲ್ಲಿ ಮೂರು ಥರದ ತಾರೀಖು ಬರೆದಿಡುತ್ತೇವೆ: ಸತ್ತವರ ಹುಟ್ಟುಹಬ್ಬ, ಮೊದಲ ಕ್ರಿಸ್‌ಮಸ್, ಕೋರ್ಟಿನ ಡೇಟುಗಳು. ಆ ಕ್ರಿಸ್‌ಮಸ್‌ಗೆ ಮನೆಯಲ್ಲಿ ನಕ್ಷತ್ರ ಕಟ್ಟುವುದಿಲ್ಲ, ಕುಸ್ವಾರ್ (ಕ್ರಿಸ್‌ಮಸ್ ತಿಂಡಿ) ಮಾಡುವುದಿಲ್ಲ. ಹಾಗಂತ ತಟ್ಟೆ ಕಳಿಸುವುದನ್ನು ತಪ್ಪಿಸಬೇಡಿ. ಮಕ್ಕಳಿರುತ್ತಾರೆ.

ಕೋರ್ಟಿನ ದಿನ ಎಲ್ಲಕ್ಕಿಂತ ಕಷ್ಟ. ಕೊಲೆ ಕೇಸ್ ಸೆಷನ್ಸ್ ಕೋರ್ಟಿಗೆ ಹೋಗುತ್ತದೆ, ನಮ್ಮವರು ಅದಕ್ಕೆ ಶಿವಮೊಗ್ಗಕ್ಕೆ ಹೋಗಬೇಕು. ತೀರ್ಥಹಳ್ಳಿಯಿಂದ ಬೆಳಿಗ್ಗೆ ಬಸ್ ಹತ್ತಬೇಕು. ಅಲ್ಲಿ ಹೋದರೆ ಕೆಲವು ಸಲ ‘ಮುಂದಕ್ಕೆ ಹಾಕಿದ್ದಾರೆ’ ಅಂತ ವಾಪಸ್. ಸಾಕ್ಷಿ ಹೇಳುವ ದಿನ ಎದುರು ಕಡೆಯವರು ಅದೇ ಕಾರಿಡಾರಿನಲ್ಲಿ ನಿಂತಿರುತ್ತಾರೆ. ಜೊತೆಗೆ ಒಬ್ಬರು ಹೋಗಿ. ಮಾತಾಡಬೇಕಾಗಿಲ್ಲ, ಪಕ್ಕದ ಸೀಟಿನಲ್ಲಿ ಕೂತರೆ ಸಾಕು. ನಾನು ಒಬ್ಬರ ಜೊತೆ ಹೀಗೆ ಹನ್ನೊಂದು ಸಲ ಹೋಗಿದ್ದೇನೆ. ಮೊದಲ ಸಲ ಮಂಡಗದ್ದೆ ದಾಟುವವರೆಗೂ ಅವರು ಜಪಸರದ ಮಣಿ ಬಿಡಲಿಲ್ಲ. ಹನ್ನೊಂದನೇ ಸಲ ಟಿಫನ್ ಬಾಕ್ಸ್ ತೆಗೆದು, ‘ಅಕ್ಕಾ, ಇವತ್ತು ನಾನೇ ಕಡುಬು ಮಾಡ್ಕೊಂಡು ಬಂದಿದೀನಿ’ ಅಂದರು.